ಕಿಟಕಿಯ ಬೆಳಕು ಮತ್ತು ಮುಖಚಿತ್ರ

ನಮ್ಮ ತಾಯಿಯವರ ಛಾಯಾಚಿತ್ರ ಮನೆಯಲ್ಲಿರುವುದು ಒಂದೇ. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ತಾಲ್ಲೂಕು ಕೇಂದ್ರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಎದುರಿಗೆ ಎರಡು ದೊಡ್ಡ ದೀಪಗಳನ್ನು ಹೊತ್ತಿಸಿ ತೆಗೆದ ಆ ಚಿತ್ರದಲ್ಲಿ ಅಮ್ಮನ ಕಣ್ಣುಗಳು ಕಿರಿದಾಗಿವೆ. ಮುಖ ಸುಣ್ಣ ಬಳಿದ ಗೋಡೆಯಂತೆ ಸಪಾಟಾಗಿದೆ. ಪಡಸಾಲೆಯ ಕಿಟಕಿಯ ಪಕ್ಕದಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮನ ಮುಖ ನನ್ನ ನೆನಪಿನಲ್ಲಿದೆ. ಚಿತ್ರದಲ್ಲಿರುವುದು ಆ ಮುಖವಲ್ಲ.

ಈಗ ನಮ್ಮ ಅಕ್ಕನಿಗೆ 84 ವರ್ಷ. ಅವಳ ಒಂದು ಒಳ್ಳೆಯ ಚಿತ್ರವನ್ನಾದರೂ ಮನೆಯಲ್ಲಿಯೇ ತೆಗೆಯಬೇಕೆಂದು ಹೊರಟಾಗ, ಮೊಮ್ಮಗ "ತಾತ, ಎರಡು ಎಲ್‌ಇಡಿ ದೀಪ, ಒಂದು ಬಿಳಿ ಕೊಡೆ ತರಿಸೋಣ" ಎಂದ. ತರಿಸುವ ಮುನ್ನ, ಹಿಂದಿನವರು ಮುಖಕ್ಕೆ ಬೆಳಕು ಹಾಯಿಸಲು ಏನು ಮಾಡುತ್ತಿದ್ದರೆಂದು ಓದತೊಡಗಿದೆ.

ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು. ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ಯುವಕ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ. ಉಳಿದು ಬಂದಿರುವ ಅತಿ ಹಳೆಯ ಮುಖಚಿತ್ರಗಳಲ್ಲಿ ಅದೂ ಒಂದು. ಅವನದು ದೀಪಗಳನ್ನು ತಯಾರಿಸುವ ಮನೆತನ. ಆದರೂ ಆ ದೀಪಗಳಿಂದ ಪ್ರಯೋಜನವಾಗಲಿಲ್ಲ. ಅಂಗಡಿಯ ಹಿತ್ತಲಿನ ಬಯಲಿಗೆ ಬಂದು ಹಗಲಿನ ಬೆಳಕಿನಲ್ಲಿ ಅಲುಗದೆ ನಿಲ್ಲಬೇಕಾಯಿತು. ಅಂದಿನ ತಗಡುಗಳಿಗೆ ಅಷ್ಟು ಬೆಳಕು ಬೇಕಿತ್ತು.

1841ರಲ್ಲಿ ರಿಚರ್ಡ್ ಬಿಯರ್ಡ್ ಲಂಡನ್ನಿನ ಕಟ್ಟಡವೊಂದರ ತಾರಸಿಯ ಮೇಲೆ ಮುಖಚಿತ್ರದ ಸ್ಟುಡಿಯೋ ತೆರೆದ. ಮುಂದೆ ಊರೂರಿನ ಸ್ಟುಡಿಯೋಗಳಿಗೆ ಗಾಜಿನ ಮಾಡುಗಳು ಬಂದವು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆಯನ್ನೂ ಕೊಡುತ್ತಿದ್ದರು. ಚಿತ್ರಕಾರರಂತೆ ಛಾಯಾಗ್ರಾಹಕರೂ ಉತ್ತರ ದಿಕ್ಕಿನ ಗಾಜನ್ನೇ ಮೆಚ್ಚಿದರು. ಯೂರೋಪಿನಲ್ಲಿ ಹಗಲಿನ ಬಹುಪಾಲು ಸೂರ್ಯ ದಕ್ಷಿಣಕ್ಕೇ ಇರುವುದರಿಂದ ಉತ್ತರದ ಗಾಜಿನೊಳಗೆ ನೇರ ಬಿಸಿಲು ಬೀಳದು. ಆಕಾಶದ ಸಮನಾದ ಬೆಳಕಷ್ಟೇ ಬರುತ್ತದೆ. ನಮ್ಮ ನಾಡಿನಲ್ಲಿ ಜೂನ್ ತಿಂಗಳ ಆಸುಪಾಸಿನಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ. ಆಗ ಉತ್ತರದ ಕಿಟಕಿಗೂ ಬಿಸಿಲು ಬರುವುದರಿಂದ ತೆಳುವಾದ ಬಿಳಿ ಪಂಚೆಯೊಂದನ್ನು ಇಳಿಬಿಡಬೇಕಾಗುತ್ತದೆ.

ಮನೆಯಲ್ಲಿಯೇ ಈ ಕಲೆಯನ್ನು ಸಾಧಿಸಿದವರಲ್ಲಿ ಇಬ್ಬರು ಮಹಿಳೆಯರು ಮುಖ್ಯರು. ಲೇಡಿ ಕ್ಲೆಮೆಂಟಿನಾ ಹಾವರ್ಡೆನ್ 1859ರಲ್ಲಿ ಲಂಡನ್ನಿಗೆ ಬಂದ ಮೇಲೆ ತಮ್ಮ ಮನೆಯ ಮೊದಲ ಮಹಡಿಯ ಕೋಣೆಗಳಲ್ಲಿ ಹೆಣ್ಣುಮಕ್ಕಳನ್ನು ಎತ್ತರದ ಕಿಟಕಿಗಳ ಬಳಿ ನಿಲ್ಲಿಸಿ ಚಿತ್ರ ತೆಗೆದರು. ಅವರ ಸಲಕರಣೆ ಕಿಟಕಿ, ಪರದೆ ಮತ್ತು ನಿಲುಗನ್ನಡಿ. ಇನ್ನೊಬ್ಬರು 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. 48ನೆಯ ವಯಸ್ಸಿನಲ್ಲಿ, 1863ರ ಡಿಸೆಂಬರಿನಲ್ಲಿ, ಮಗಳು ಮತ್ತು ಅಳಿಯ ಅವರಿಗೆ ಕ್ಯಾಮೆರಾ ಉಡುಗೊರೆಯಾಗಿ ಕೊಟ್ಟರು. ಕಲ್ಲಿದ್ದಲಿನ ಕೊಠಡಿ ಕತ್ತಲೆಕೋಣೆಯಾಯಿತು. ಗಾಜು ಹಾಕಿದ್ದ ಕೋಳಿಮನೆ ಸ್ಟುಡಿಯೋ ಆಯಿತು. 1867ರಲ್ಲಿ ವಿಜ್ಞಾನಿ ಸರ್ ಜಾನ್ ಹರ್ಷೆಲರ ಚಿತ್ರ ತೆಗೆಯುವ ಮುನ್ನ ಅವರ ಬಿಳಿಗೂದಲನ್ನು ತೊಳೆಸಿದರಂತೆ, ಬೆಳಕು ಕೂದಲಿನಲ್ಲಿ ನಿಲ್ಲಲೆಂದು. ಆ ಚಿತ್ರದಲ್ಲಿ ಮುಖದ ಒಂದು ಭಾಗ ನೆರಳಿನಲ್ಲಿದೆ. ಆ ನೆರಳಿನಿಂದಲೇ ಹಣೆಯ ಗೆರೆಗಳೂ ಕಣ್ಣಿನ ಆಳವೂ ತಿಳಿಯುತ್ತವೆ.

ಕೃತಕ ಬೆಳಕಿನ ಹಾದಿ ಅಷ್ಟು ಸುಗಮವಾಗಿರಲಿಲ್ಲ. ಪ್ಯಾರಿಸ್ಸಿನ ನದಾರ್ 1860ರ ಸುಮಾರಿಗೆ ಬ್ಯಾಟರಿಗಳಿಂದ ಉರಿಯುವ ವಿದ್ಯುತ್ ಚಾಪದೀಪವನ್ನು ಬಳಸಿ ನೋಡಿದ. ಮೊದಲ ಚಿತ್ರಗಳಲ್ಲಿ ನೆರಳುಗಳು ಒರಟಾಗಿ ಬಿದ್ದವು. ಆಗ ಅವನು ಬಿಳಿಯ ಬಟ್ಟೆಗಳಿಂದ ಬೆಳಕನ್ನು ಪ್ರತಿಫಲಿಸಿ ನೆರಳಿನ ಭಾಗವನ್ನು ತುಂಬಿದ. 1864ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೆಗ್ನೀಸಿಯಂ ತಂತಿ ಉರಿಸಿ ಚಿತ್ರ ತೆಗೆದರು. 1887ರಲ್ಲಿ ಜರ್ಮನಿಯ ಮೀಟೆ ಮತ್ತು ಗೇಡಿಕೆ ಮೆಗ್ನೀಸಿಯಂ ಹುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ಮಾಡಿದರು. ಅದರಿಂದ ಕೋಣೆ ಹೊಗೆಯಿಂದ ತುಂಬುತ್ತಿತ್ತು, ಕೆಲವೊಮ್ಮೆ ಸಿಡಿದು ಕೈಯನ್ನೂ ಸುಡುತ್ತಿತ್ತು. 1930ರ ಹೊತ್ತಿಗೆ ಗಾಜಿನ ಬುರುಡೆಯೊಳಗೇ ಉರಿಯುವ ಫ್ಲ್ಯಾಶ್ ಬಲ್ಬು ಬಂದು ಆ ಭಯ ಬಹುಮಟ್ಟಿಗೆ ತಗ್ಗಿತು. ಅದೇ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿದರು.

ಬೆಳಕಿನ ಮೂಲ ಹೀಗೆ ಬದಲಾಗುತ್ತ ಬಂದರೂ ಅದರ ಗುಣದ ನಿಯಮ ಬದಲಾಗಲಿಲ್ಲ. ಮುಖಕ್ಕೆ ಹೋಲಿಸಿದರೆ ಬೆಳಕಿನ ಮೂಲ ದೊಡ್ಡದಾಗಿ, ಹತ್ತಿರವಾಗಿ ಇದ್ದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ. ಚಿಕ್ಕ ದೀಪವೊಂದನ್ನು ಎರಡು ಅಡಿಯಿಂದ ನಾಲ್ಕು ಅಡಿಗೆ ಸರಿಸಿದರೆ ಬೆಳಕು ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ಬೆಳಕು ಎದುರಿನಿಂದ ಬಂದರೆ ಮುಖ ಚಪ್ಪಟೆಯಾಗುತ್ತದೆ; ಪಕ್ಕದಿಂದ ಬಂದರೆ ಮೂಗು, ಕೆನ್ನೆ, ಗಲ್ಲಗಳಿಗೆ ಉಬ್ಬುತಗ್ಗು ದೊರೆಯುತ್ತದೆ. ಅಮ್ಮನ ಚಿತ್ರದಲ್ಲಿ ಆಗಿದ್ದ ತಪ್ಪು ನನಗೆ ಅರ್ಥವಾದದ್ದು ಆಗಲೇ. ದೀಪಗಳು ಕಡಿಮೆಯಾಗಿರಲಿಲ್ಲ, ಅವುಗಳನ್ನಿಟ್ಟ ಜಾಗ ಸರಿಯಿರಲಿಲ್ಲ.

ಕಡೆಗೆ ನಾವು ಏನನ್ನೂ ತರಿಸಲಿಲ್ಲ. ಬೆಳಗಿನ ಹತ್ತು ಗಂಟೆಗೆ ಅಕ್ಕನನ್ನು ಕಿಟಕಿಯಿಂದ ಮೂರಡಿ ದೂರದಲ್ಲಿ, ಬೆಳಕು ಎಡಗೆನ್ನೆಗೆ ಓರೆಯಾಗಿ ಬೀಳುವಂತೆ ಕೂರಿಸಿದೆವು. ಬೇರೆ ಬಣ್ಣದ ಬೆಳಕು ಬೆರೆಯದಿರಲೆಂದು ಟ್ಯೂಬ್‌ಲೈಟ್ ಆರಿಸಿದೆವು. ಬಲಗಡೆಯ ನೆರಳು ತೀರ ಕಪ್ಪಾಗದಂತೆ, ಗಣೇಶನ ಹಬ್ಬದ ಮಂಟಪದಿಂದ ಉಳಿದಿದ್ದ ಥರ್ಮಾಕೋಲ್ ಹಲಗೆಯನ್ನು ಮೊಮ್ಮಗ ಹಿಡಿದು ನಿಂತ.

ಚಿತ್ರ ನೋಡಿದ ಅಕ್ಕ, "ಇಷ್ಟೊಂದು ಸುಕ್ಕಾಗಿದೆಯೇನೋ ನನ್ನ ಮುಖ?" ಎಂದಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, "ಎರಡು ಪ್ರತಿ ಹಾಕಿಸು. ಒಂದನ್ನು ಅಮ್ಮನ ಫೋಟೋದ ಪಕ್ಕದಲ್ಲಿಡು" ಎಂದಳು. ಹಾಗೆಯೇ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ, ದೀಪಗಳನ್ನು ಕೊಳ್ಳುವವರೆಗೆ ಕಾಯಬೇಡಿ.