ಒಂದು ಕಿಣ್ವದ ಕೊರತೆ, ಮೂರು ಅಂಗಗಳಿಗೆ ಪೆಟ್ಟು

ಬೆಂಗಳೂರು: ಸಹಕಾರನಗರದ ಮಗ್ಗುಲಿಗಿರುವ ಜಿಕೆವಿಕೆ ಆವರಣವೆಂದರೆ ನಗರವಾಸಿಗಳಿಗೆ ನೆನಪಾಗುವುದು ಕೃಷಿ ಮೇಳ. ಅದೇ ಆವರಣದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ (ಎನ್‌ಸಿಬಿಎಸ್) ಇದೆ. ಜೀವಕೋಶದೊಳಗಿನ ಸಂದೇಶಗಳನ್ನು ಹತೋಟಿಯಲ್ಲಿಡುವ ಕಿಣ್ವಗಳ ಕುರಿತು ಇಲ್ಲಿನ ವಿಜ್ಞಾನಿ ರಘು ಪಡಿಂಜಾಟ್ ಅವರ ತಂಡ ಸಂಶೋಧನೆ ನಡೆಸಿದೆ. ಹಣ್ಣಿನ ನೊಣಗಳ ಅಧ್ಯಯನದಲ್ಲಿ ತೊಡಗಿದ್ದ ತಂಡ, ಗಂಡುಮಕ್ಕಳನ್ನು ಕಾಡುವ ಅಪರೂಪದ ಕಾಯಿಲೆಯೊಂದರ ಬೆನ್ನನ್ನೂ ಹತ್ತಿದೆ.

ಕಿಣ್ವವೆಂದರೆ ಅನ್ನ ಜೀರ್ಣಿಸುವ ರಸವೆಂದಷ್ಟೇ ತಿಳಿದವರು ಹಲವರು. ಇಲ್ಲಿನ ಕಿಣ್ವಗಳ ಕೆಲಸವೇ ಬೇರೆ. ಇನ್ಸುಲಿನ್‌ನಂಥ ಹಾರ್ಮೋನು ಕೋಶದ ಹೊರಪೊರೆಗೆ ಬಂದು ತಾಗಿದಾಗ, ಆ ಸುದ್ದಿಯನ್ನು ಒಳಗೆ ಮುಟ್ಟಿಸುವ ಹೊಣೆ ಪೊರೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಫಾಸ್ಫೊಇನೊಸಿಟೈಡ್ ಎಂಬ ಕೊಬ್ಬಿನ ಅಣುಗಳದ್ದು. ಈ ಅಣುವಿನ ತಲೆಯ ಭಾಗದಲ್ಲೊಂದು ಉಂಗುರವಿದೆ. ಉಂಗುರದ 3, 4 ಮತ್ತು 5ನೇ ಸ್ಥಾನಗಳಿಗೆ ಫಾಸ್ಫೇಟ್ ಸೇರಿಸುವುದು ಕೈನೇಸ್ ಕಿಣ್ವ, ಕಳಚುವುದು ಫಾಸ್ಫಟೇಸ್ ಕಿಣ್ವ. ಹೀಗೆ 7 ಬಗೆಯ ಅಣುಗಳು ಉಂಟಾಗುತ್ತವೆ. ಯಾವ ಸ್ಥಾನದಲ್ಲಿ ಫಾಸ್ಫೇಟ್ ಇದೆಯೆಂಬುದರ ಮೇಲೆ ಕೋಶ ಬೆಳೆಯಬೇಕೇ, ಸುಮ್ಮನಿರಬೇಕೇ ಎಂಬುದು ತೀರ್ಮಾನವಾಗುತ್ತದೆ.

ಪಿಐಪಿ4ಕೆ ಎಂಬ ಕೈನೇಸ್‌ಗೆ ಮನುಷ್ಯರಲ್ಲಿ ಮೂರು ವಂಶವಾಹಿಗಳಿದ್ದರೆ ಹಣ್ಣಿನ ನೊಣದಲ್ಲಿ ಒಂದೇ ಒಂದಿದೆ. ಅದೊಂದನ್ನು ತೆಗೆದರೆ ಕಿಣ್ವದ ಪಾತ್ರ ನೇರವಾಗಿ ಗೋಚರಿಸುತ್ತದೆ. ನೊಣವನ್ನು ಆರಿಸಿಕೊಂಡದ್ದರ ಲಾಭವೇ ಇದು. ಈ ಕಿಣ್ವವಿಲ್ಲದ ಮರಿಹುಳುಗಳ ಬೆಳವಣಿಗೆ ನಿಧಾನವಾಗುತ್ತದೆ, ಕೋಶಗಳ ಗಾತ್ರ ಕುಗ್ಗುತ್ತದೆ ಎಂದು ತಂಡ 2013ರಲ್ಲಿ ವರದಿ ಮಾಡಿತು. ಇನ್ಸುಲಿನ್ ಸಂದೇಶದ ತೀವ್ರತೆಗೆ ಇದೇ ಕಿಣ್ವ ಕಡಿವಾಣ ಹಾಕುತ್ತದೆಂಬುದು 2019ರ ಪ್ರಬಂಧದಲ್ಲಿ ಹೊರಬಿತ್ತು.

ಕಳಚುವ ಕಿಣ್ವ ಕೈಕೊಟ್ಟರೆ ಏನಾದೀತು? ಅದಕ್ಕೆ ಉತ್ತರ ಲೋವ್ ಸಿಂಡ್ರೋಮ್. 1952ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಲೋವ್ ಮತ್ತು ಸಹೋದ್ಯೋಗಿಗಳು ಗುರುತಿಸಿದ ಕಾಯಿಲೆಯಿದು. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ, ಮೂತ್ರಪಿಂಡದ ದೋಷ, ಬುದ್ಧಿ ಬೆಳವಣಿಗೆಯಲ್ಲಿ ಹಿನ್ನಡೆ. ಕಾರಣವಾದ ಒಸಿಆರ್‌ಎಲ್ ವಂಶವಾಹಿ 1992ರಲ್ಲಿ ಪತ್ತೆಯಾಯಿತು. ಅದು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಬಹುಪಾಲು ತುತ್ತಾಗುವವರು ಗಂಡುಮಕ್ಕಳೇ. ಉಂಗುರದ 5ನೇ ಸ್ಥಾನದ ಫಾಸ್ಫೇಟನ್ನು ತೆಗೆಯುವ ಕಿಣ್ವ ಇವರಲ್ಲಿ ಇಲ್ಲದಾಗಿದೆ ಅಥವಾ ಕೆಲಸ ಮಾಡುವುದಿಲ್ಲ.

ಇಲಿಗಳಲ್ಲಿ ಇದೇ ವಂಶವಾಹಿಯನ್ನು ಕೆಡಿಸಿ ನೋಡಿದವರಿಗೆ ನಿರಾಸೆ ಕಾದಿತ್ತು. ಮನುಷ್ಯರ ಕಾಯಿಲೆ ಇಲಿಯಲ್ಲಿ ಮೂಡಲಿಲ್ಲ. ಹಾಗಾಗಿ ಎನ್‌ಸಿಬಿಎಸ್ ತಂಡ ಬೇರೆ ದಾರಿ ಹಿಡಿದು, ರೋಗಿಗಳ ಜೀವಕೋಶಗಳಿಂದಲೇ ಕಾಂಡಕೋಶಗಳನ್ನು ರೂಪಿಸಿತು. ಅವುಗಳಿಂದ ನರಕೋಶ ಬೆಳೆಸಿ, ಮೆದುಳಿನ ಬೆಳವಣಿಗೆ ಎಲ್ಲಿ ಎಡವುತ್ತದೆಂದು ಗಾಜಿನ ತಟ್ಟೆಯಲ್ಲೇ ನೋಡುವ ಏರ್ಪಾಡಿದು. ವಿವರ 2022ರಲ್ಲಿ 'ಬಯಾಲಜಿ ಓಪನ್' ನಿಯತಕಾಲಿಕದಲ್ಲಿ ಪ್ರಕಟವಾಗಿದೆ.

ಇದರಿಂದ ನಾಳೆಯೇ ಮದ್ದು ಸಿಗುತ್ತದೆಂದು ಭಾವಿಸುವಂತಿಲ್ಲ. ಶಸ್ತ್ರಚಿಕಿತ್ಸೆಯಿಂದ ಕಣ್ಣಿನ ಪೊರೆ ತೆಗೆಯುವುದು, ಮೂತ್ರದಲ್ಲಿ ಸೋರಿಹೋಗುವ ಲವಣಗಳನ್ನು ಮರಳಿ ತುಂಬುವುದು, ಇವೇ ಈಗಿನ ಚಿಕಿತ್ಸೆ. ದೋಷದ ವಂಶವಾಹಿ ಹೊತ್ತ ತಾಯಂದಿರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅವರ ಕಣ್ಣಿನ ಮಸೂರದಲ್ಲಿ ಸೂಕ್ಷ್ಮ ಚುಕ್ಕೆಗಳು ಕಾಣಿಸಿಕೊಳ್ಳುವುದುಂಟು. ನೇತ್ರ ತಜ್ಞರು ಅದನ್ನು ಗುರುತಿಸಿದರೆ, ವಂಶವಾಹಿ ಪರೀಕ್ಷೆಯಿಂದ ಮುಂದಿನ ಮಗುವಿಗೆ ಮೊದಲೇ ವಿಷಯ ಖಚಿತಪಡಿಸಿಕೊಳ್ಳಬಹುದು.