ಗೊಮ್ಮಟನ ಕಲ್ಲು, ಸಾಲಿಗ್ರಾಮದ ಚಕ್ರ

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಗೊಮ್ಮಟ ನಿಂತದ್ದು 1604ರಲ್ಲಿ. ಬಸದಿಯ ಕಂಬಗಳೂ ಗೊಮ್ಮಟನೂ ಗ್ರಾನೈಟ್ ಕಲ್ಲಿನವು. ಶಿಲಾರಸ ಭೂಮಿಯಾಳದಲ್ಲಿ ತಣಿದು ಆಗುವ ಈ ಕಲ್ಲಿನಲ್ಲಿ ಪಳೆಯುಳಿಕೆ ಸಿಗದು. ಬಂಟ್ವಾಳದ ಮನೆಗೋಡೆಗಳ ಮುರಕಲ್ಲಿನಲ್ಲೂ ಹುಡುಕಿ ಫಲವಿಲ್ಲ. ಫ್ರಾನ್ಸಿಸ್ ಬುಕನನ್ 1807ರಲ್ಲಿ 'ಲ್ಯಾಟರೈಟ್' ಎಂದು ಹೆಸರಿಸಿದ ಈ ಕಲ್ಲು, ಹಳೆಯ ಶಿಲೆ ಮಳೆ ಬಿಸಿಲಿಗೆ ಶಿಥಿಲವಾಗಿ ಕಬ್ಬಿಣದ ಅಂಶ ಉಳಿದು ಆದದ್ದು.

ಹಾಗಾದರೆ ಇಲ್ಲಿನ ಮಕ್ಕಳಿಗೆ ಪಳೆಯುಳಿಕೆ ತೋರಿಸುವುದೆಲ್ಲಿ? ಹಲವು ಮನೆಗಳ ದೇವರ ಸಂಪುಟದಲ್ಲೇ ಅದುಂಟು. ನೇಪಾಳದ ಗಂಡಕಿ ನದಿಯಿಂದ ಬರುವ ಅನೇಕ ಸಾಲಿಗ್ರಾಮಗಳೊಳಗಿನ ಚಕ್ರ, ಸುಮಾರು 15 ಕೋಟಿ ವರ್ಷಗಳ ಹಿಂದೆ ಕಡಲಲ್ಲಿದ್ದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ಇಂದಿನ ಹಿಮಾಲಯದ ಶಿಲೆಗಳು ಒಮ್ಮೆ ಕಡಲ ತಳದ ಕೆಸರಾಗಿದ್ದವು ಎಂಬುದಕ್ಕೆ ಅದು ಸಾಕ್ಷಿ. ಪೂಜೆಯ ಭಕ್ತಿಗೆ ಇದರಿಂದ ಕುಂದಿಲ್ಲ.

ಗುರುತು ಮೂಡುವ ಬಗೆಯನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಹೊಳೆಯ ಮರುವಾಯಿ ಚಿಪ್ಪನ್ನು ಜೇಡಿಮಣ್ಣಿಗೆ ಒತ್ತಿ ತೆಗೆದು, ಆ ಗುಳಿಗೆ ಪ್ಲಾಸ್ಟರ್ ಸುರಿದು ಗಟ್ಟಿಯಾಗಲು ಬಿಟ್ಟರೆ ಗೆರೆಗೆರೆಯೂ ಎದ್ದು ಬರುತ್ತದೆ. ಗುರುತು ಉಳಿಯಲು ಬೇಕಾದದ್ದು ಮೆತ್ತನೆಯ ಕೆಸರು, ಕುದಿಯುವ ಶಿಲಾರಸವಲ್ಲ. ಗೊಮ್ಮಟನ ಕಲ್ಲಿನಲ್ಲಿ ಪಳೆಯುಳಿಕೆ ಏಕಿಲ್ಲ ಎಂಬುದಕ್ಕೆ ಉತ್ತರ ಆಗ ಮಗುವಿನ ಕೈಯಲ್ಲೇ ಇರುತ್ತದೆ.