ಗಾನವೃಂದದ ನಾಲ್ಕು ಕಂಠಗಳು

ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ಹೆಸರುಗಳನ್ನು ಗಾನವೃಂದದಲ್ಲಿ ಸೇರಿದವರೆಲ್ಲರೂ ಕೇಳಿಯೇ ಇರುತ್ತಾರೆ. ಇವು ಗಾಯಕರ ಯೋಗ್ಯತೆಯನ್ನು ಸೂಚಿಸುವ ಪದವಿಗಳೆಂದು ಭಾವಿಸುವವರುಂಟು. ಚರಿತ್ರೆಯನ್ನು ನೋಡಿದರೆ ಹಾಗಲ್ಲ. ಇವು ಹಾಡಿಕೆಯಲ್ಲಿ ಒಬ್ಬೊಬ್ಬರಿಗೆ ವಹಿಸಿದ ಕೆಲಸದ ಹೆಸರುಗಳು.

ಪಶ್ಚಿಮದ ಧರ್ಮಸಭೆಯಲ್ಲಿ ಗ್ರೆಗೋರಿಯನ್ ಗಾನವನ್ನು ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಿದ್ದರು. 12ನೇ ಶತಮಾನದ ಪ್ಯಾರಿಸ್ಸಿನಲ್ಲಿ ಒಬ್ಬನು ಮೂಲ ಧಾಟಿಯ ಸ್ವರಗಳನ್ನು ಬಹು ದೀರ್ಘವಾಗಿ ಹಿಡಿದು ನಿಲ್ಲುವ, ಮತ್ತೊಬ್ಬನು ಅದರ ಮೇಲೆ ಚುರುಕಾಗಿ ಸಂಚರಿಸುವ ಪದ್ಧತಿ ಬೆಳೆಯಿತು. ಹಾಗೆ ಹಿಡಿದು ನಿಂತ ಧ್ವನಿಯೇ ಟೆನರ್. ಲತೀನಿನಲ್ಲಿ 'ತೆನೇರೆ' ಎಂದರೆ ಹಿಡಿ. 15ನೇ ಶತಮಾನದಲ್ಲಿ ಟೆನರಿಗೆ ಜೊತೆಯಾಗಿ ಮೇಲೊಂದು, ಕೆಳಗೊಂದು ಧ್ವನಿ ಸೇರಿದವು. ಮೇಲಿನದು 'ಆಲ್ತುಸ್', ಕೆಳಗಿನದು 'ಬಾಸ್ಸುಸ್'. ಎಲ್ಲಕ್ಕೂ ಮೇಲಿನದು ಸೊಪ್ರಾನೊ. ಇಂದು ಸ್ತ್ರೀಯರ ತಗ್ಗಿನ ಕಂಠಕ್ಕೆ 'ಎತ್ತರ' ಎಂಬರ್ಥದ ಆಲ್ಟೊ ಹೆಸರಿರುವುದು ವಿಚಿತ್ರವೆನಿಸೀತು. ಆದರೆ ಅದು ಪುರುಷರೇ ಹಾಡುತ್ತಿದ್ದ ಕಾಲದಲ್ಲಿ ಇಟ್ಟ ಹೆಸರು.

ಕನ್ಯಾಮಠಗಳನ್ನು ಬಿಟ್ಟರೆ ಪೂಜಾವಿಧಿಯ ಗಾನವೃಂದದಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಬಾಲಕರ ಕಂಠವೋ, ಹದಿಹರೆಯ ಬಂದೊಡನೆ ಒಡೆಯುವುದು. ಆದ್ದರಿಂದ 16ನೇ ಶತಮಾನದ ಉತ್ತರಾರ್ಧದಿಂದ ಇಟಲಿಯಲ್ಲಿ, ಕಂಠ ಒಡೆಯದಂತೆ ಬಾಲ್ಯದಲ್ಲಿಯೇ ವೃಷಣಚ್ಛೇದನಕ್ಕೆ ಗುರಿಯಾದ ಗಾಯಕರು ಎತ್ತರದ ಧಾಟಿಗಳನ್ನು ಹಾಡತೊಡಗಿದರು. ಪೋಪರ ಸಿಸ್ಟೀನ್ ಮಂದಿರವೂ ಇದಕ್ಕೆ ಹೊರತಾಗಿರಲಿಲ್ಲ. ದೇವರ ಸ್ತುತಿಗೆಂದು ಮಕ್ಕಳ ದೇಹವನ್ನು ಊನಗೊಳಿಸಿದ ಈ ಸಂಗತಿಯನ್ನು ಮುಚ್ಚಿಡುವುದು ಸಲ್ಲದು. ಅಲ್ಲಿನ ಅಲೆಸ್ಸಾಂಡ್ರೊ ಮೊರೆಸ್ಕಿ ಎಂಬವರ ಹಾಡಿಕೆ 1902 ಮತ್ತು 1904ರಲ್ಲಿ ಧ್ವನಿಮುದ್ರಿತವಾಗಿ ಉಳಿದಿದೆ. ಅವರು ತೀರಿಕೊಂಡದ್ದು 1922ರಲ್ಲಿ.

1903ರ ನವೆಂಬರ್ 22ರಂದು, ಸಂತ ಸಿಸಿಲಿಯಾರ ಹಬ್ಬದ ದಿನ, ಹತ್ತನೆಯ ಪಯಸ್ ಜಗದ್ಗುರುಗಳು ಎತ್ತರದ ಧಾಟಿಗಳನ್ನು ಬಾಲಕರೇ ಹಾಡಬೇಕೆಂದು ವಿಧಿಸಿದರು. ಸ್ತ್ರೀಯರಿಗೆ ಆಗಲೂ ಬಾಗಿಲು ತೆರೆಯಲಿಲ್ಲ. 1955ರಲ್ಲಿ ಹನ್ನೆರಡನೆಯ ಪಯಸ್ ಕೆಲವು ನಿಬಂಧನೆಗಳೊಡನೆ ಅನುಮತಿಯಿತ್ತರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, 1967ರ ಸಂಗೀತ ನಿರ್ದೇಶವು ಸ್ತ್ರೀಪುರುಷರು ಕೂಡಿದ ಗಾನವೃಂದವನ್ನು ಸ್ಪಷ್ಟವಾಗಿ ಅಂಗೀಕರಿಸಿತು.

ಇನ್ನು ತಮ್ಮ ಶಾರೀರ ಯಾವುದೆಂದು ಅರಿಯಬಯಸುವವರು ಹಾರ್ಮೋನಿಯಂನ ಮುಂದೆ ಕುಳಿತು, ಸರಾಗವಾದ ಒಂದು ಸ್ವರದಿಂದ ಮೊದಲು ಕೆಳಗೆ, ಅನಂತರ ಮೇಲೆ ಹೋಗಿ ನೋಡಬೇಕು. ಸೊಪ್ರಾನೊ ಸಾಮಾನ್ಯವಾಗಿ ನಡುವಿನ 'ಸಿ'ಯಿಂದ ಮೇಲಿನ ಸ್ಥಾಯಿಯ 'ಎ'ವರೆಗೆ ಹಾಡುತ್ತದೆ. ಟೆನರ್ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ. ಆಲ್ಟೊ, ನಡುವಿನ 'ಸಿ'ಯ ಕೆಳಗಿನ 'ಎಫ್'ನಿಂದ ಮೇಲಿನ ಸ್ಥಾಯಿಯ 'ಡಿ'ವರೆಗೆ. ಬಾಸ್ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ. ಒಮ್ಮೆ ಕಿರುಚಿ ಮುಟ್ಟಿದ ಸ್ವರ ಲೆಕ್ಕಕ್ಕಿಲ್ಲ. ಆಯಾಸವಿಲ್ಲದೆ ಎಲ್ಲಿ ನಿಲ್ಲಬಲ್ಲೆವೋ ಅದೇ ನಮ್ಮ ನೆಲೆ. ಕಂಠ ಒಡೆಯುತ್ತಿರುವ ಹುಡುಗರನ್ನು ಈ ಪರೀಕ್ಷೆಗೆ ಎಳೆಯಬಾರದು.

ಇಡೀ ಸಭೆ ಹಾಡಬೇಕಾದ ಗೀತೆಯನ್ನು ಸೊಪ್ರಾನೊ ಶ್ರುತಿಯಲ್ಲಿ ಎತ್ತಿಕೊಂಡರೆ ಹಿಂದಿನ ಸಾಲುಗಳ ಗಂಡಸರು ತುಟಿ ಮಾತ್ರ ಅಲ್ಲಾಡಿಸುತ್ತಾರೆ. ಗೀತೆಯ ಅತಿ ಎತ್ತರದ ಸ್ವರವನ್ನು ಮೊದಲೇ ಒತ್ತಿ ನೋಡಿ, ಅದು ಮೇಲಿನ 'ಡಿ'ಯನ್ನು ದಾಟುವಂತಿದ್ದರೆ, ಹಾರ್ಮೋನಿಯಂ ನುಡಿಸುವವರು ಶ್ರುತಿಯನ್ನು ಒಂದೆರಡು ಮನೆ ಇಳಿಸಿಕೊಳ್ಳಲಿ.